ಒಳಮೈಯ ದೋಷ

ಬೆಕ್ಕಿನ ಆಪರೇಷನ್ ಆದ ಹದಿನಾಲ್ಕನೆಯ ಬೆಳಿಗ್ಗೆ ಅವಳಿಗೆ ಮೊದಲು ಸಿಟ್ಟು ಬಂದದ್ದು ಚಮಚದ ಮೇಲೆ. ಚಮಚದ ತಪ್ಪೇನೂ ಇರಲಿಲ್ಲ. ನೋವಿನ ಮಾತ್ರೆಯ ಪುಡಿಯನ್ನು ಬೇಯಿಸಿದ ಮೀನಿನಲ್ಲಿ ಕಲಸುವಾಗ ಅದು ಬಟ್ಟಲಿಗೆ ತಾಗಿ ಟಣ್ಣೆಂದಿತು, ಆ ಸದ್ದಿಗೆ ಒಳಕೋಣೆಯ ಮಂಚದಡಿಯಿಂದ ಗುರ್ರೆಂಬ ಉತ್ತರ ಬಂತು. ನಾಲ್ಕು ಕಾಲಿದ್ದಾಗ ಇದೇ ಸದ್ದಿಗೆ ಬಾಲ ನೆಟ್ಟಗೆ ಮಾಡಿಕೊಂಡು ಓಡಿ ಬರುತ್ತಿದ್ದವನು ಈಗ ಮೂರು ಕಾಲನ್ನು ಮಡಿಸಿಕೊಂಡು ಗೋಡೆಗೆ ಒತ್ತಿ ಕೂತಿದ್ದ. ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ. ಅವಳು ಬಗ್ಗಿದರೆ ಸಾಕು, ಆ ಲಾಳಿಕೆಯ ತಳದಿಂದ ಹಲ್ಲು ಕಾಣುತ್ತಿತ್ತು. ಅವಳೊಬ್ಬಳಿಗೇ ಈ ಮರ್ಯಾದೆ. ಗಂಡ ಕೈ ಚಾಚಿದರೆ ಮುಖ ತಂದು ಒಡ್ಡುತ್ತಿದ್ದ, ಮೀಟರ್ ನೋಡಲು ಬಂದ ಅಪರಿಚಿತನನ್ನು ಮೂಸಿ ಸುಮ್ಮನಾಗಿದ್ದ. ಇವಳು ಬಟ್ಟಲನ್ನು ಮಂಚದಡಿಗೆ ತಳ್ಳಿದಳು. ತಿಂದರೆ ತಿನ್ನಲಿ ಎಂದುಕೊಂಡಳು, ಹಾಗೆಂದುಕೊಂಡ ತನ್ನ ಮೇಲೆ ಎರಡನೆಯ ಸಲ ಸಿಟ್ಟು ಬಂತು. ಇನ್ನೂ ಏಳು ಗಂಟೆ ಆಗಿರಲಿಲ್ಲ.

ಬೆಕ್ಕಿಗೆ ಸಾಹೇಬ ಎಂದು ಹೆಸರಿಟ್ಟವರು ಮೇಷ್ಟ್ರು. ಮೇಷ್ಟ್ರು ಎಂದರೆ ಅವಳ ಗಂಡ. ಹೈಸ್ಕೂಲಿನ ಮಕ್ಕಳಿಗೆ ನದಿ, ಪರ್ವತ, ಮಾರುತಗಳನ್ನು ಹೇಳಿ ಹೇಳಿ ಮನೆಯಲ್ಲೂ ಭೂಪಟದ ಮುಂದೆ ನಿಂತವರಂತೆಯೇ ಮಾತಾಡುತ್ತಿದ್ದ ಆ ಮನುಷ್ಯನನ್ನು, ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದರೂ, ಅವಳು ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಕರೆಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಕಿಟಕಿಯಿಂದ ಒಳಬಂದ ಮರಿ ನೇರ ಅವರ ಕುರ್ಚಿಯ ಮೇಲೆ ಕೂತು, ಅರ್ಜಿ ಹಿಡಿದು ನಿಂತವರನ್ನು ನೋಡುವಂತೆ ಇಬ್ಬರನ್ನೂ ನೋಡಿತ್ತು. ಈಗ ಸಾಹೇಬನ ಎಡ ಹಿಂಗಾಲು ಇಲ್ಲ. ಒಳತೊಡೆಯಲ್ಲಿ ಗಡ್ಡೆ, ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು, ಕಾಲನ್ನು ಬುಡದಿಂದಲೇ ತೆಗೆದರು. ಮನೆಗೆ ಕರೆತಂದ ದಿನ ಮೇಷ್ಟ್ರು ಒಂದು ದೊಡ್ಡ ಡ್ರಾಯಿಂಗ್ ಹಾಳೆಗೆ ಸ್ಕೇಲು ಹಿಡಿದು ಗೆರೆ ಎಳೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದರು. ಊಟ, ಔಷಧಿ, ಮಲಮೂತ್ರ, ನಡಿಗೆ, ಈ ನಾಲ್ಕು ಕಾಲಂ ಅವರದು. ಐದನೆಯದು ತಪಾಸಣೆ, ಅವಳದು. ದಿನಕ್ಕೊಂದು ಸಲ ತೊಡೆಸಂದು, ಹೊಟ್ಟೆಯ ಬದಿ, ಹೊಲಿಗೆಯ ಅಕ್ಕಪಕ್ಕ ಬೆರಳಾಡಿಸಿ ನೋಡಬೇಕು, ಸಾಸಿವೆಯಷ್ಟು ಏನಾದರೂ ಸಿಕ್ಕಿದರೂ ಕಾಯದೆ ಬರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಹೇಳುತ್ತ, ನೀವೇನು ಕೆಲಸ ಮಾಡ್ತೀರಿ ಎಂದು ಕೇಳಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, ಮಗಳ ಅಂಕಪಟ್ಟಿ ತೋರಿಸುವ ತಂದೆಯಂತೆ, ಇವಳು ಬಟ್ಟೆ ಗಿರಣಿಯಲ್ಲಿ ತಪಾಸಣೆ ಮಾಡುತ್ತಾಳೆಂದೂ, ಕಣ್ಣು ಮುಚ್ಚಿ ಕೈಯಾಡಿಸಿದರೆ ಎಲ್ಲಿ ಒಂದು ನೂಲು ತಪ್ಪಿದೆ ಎಂದು ಹೇಳಿಬಿಡುತ್ತಾಳೆಂದೂ ವರದಿ ಒಪ್ಪಿಸಿದರು. “ಹಾಗಾದ್ರೆ ನನಗೇನು ಚಿಂತೆ,” ಎಂದು ಡಾಕ್ಟರಮ್ಮ ನಕ್ಕರು. “ನಿಮ್ಮ ಕೈ ನನ್ನ ಮೆಷಿನ್ನಿಗಿಂತ ವಾಸಿ.”

ಆ ನಗುವಿನ ಮೇಲೂ ಅವಳಿಗೆ ಸಿಟ್ಟಿತ್ತು. ಹದಿಮೂರು ದಿನದಲ್ಲಿ ಅವಳು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ. ಒಳಕೋಣೆಗೆ ಹೋಗುವುದು, ಬಾಗಿಲು ಮುಂದೆ ಮಾಡುವುದು, ಬಗ್ಗುವುದು, ಅವನು ಗುರ್ರೆಂದ ಮೇಲೆ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬರುವುದು. ಏನಾದ್ರೂ ಇದೆಯಾ ಎಂದು ಮೇಷ್ಟ್ರು ಕೇಳುವುದು, ಇಲ್ಲ ಎನ್ನುವುದು, ಅವರು ಹಸಿರು ಪೆನ್ನಿನಲ್ಲಿ ಒಂದು ಸರಿ ಗುರುತು ಹಾಕುವುದು. ಹದಿಮೂರು ಹಸಿರು ಗುರುತುಗಳು, ಒಂದರ ಕೆಳಗೊಂದು, ಉತ್ತರಪತ್ರಿಕೆಯ ಮೇಲಿನಷ್ಟೇ ಅಚ್ಚುಕಟ್ಟು. ಇವತ್ತು ಸಂಜೆ ನಾಲ್ಕಕ್ಕೆ ಹೊಲಿಗೆ ಬಿಚ್ಚುವುದಿತ್ತು. ಡಾಕ್ಟರಮ್ಮ ಕೇಳುತ್ತಾರೆ. ಗಡ್ಡೆಯ ಬೇರು ಒಳಗೆಲ್ಲಾದರೂ ಉಳಿದು ಚಿಗುರಿದ್ದರೆ ಅದು ಈ ಹದಿಮೂರು ಹಸಿರಿನ ನೆರಳಲ್ಲಿ ಆರಾಮಾಗಿ ಬೆಳೆದಿರುತ್ತದೆ. ನೋಡಬೇಕು, ಇವತ್ತಾದರೂ ನೋಡಬೇಕು ಎಂದುಕೊಂಡೇ ಅವಳು ಎದ್ದಿದ್ದಳು. ಬಚ್ಚಲಿನಿಂದ ಮೇಷ್ಟ್ರು ನೀರಿನ ಸದ್ದಿನ ನಡುವೆ ಕೂಗಿ ಕೇಳಿದರು, ನೋಡಿದ್ಯಾ ಎಂದು. ಹೂಂ ಎಂದಳು. ಚಪ್ಪಲಿ ಮೆಟ್ಟಿ ಹೊರಟಳು.

ಗಿರಣಿಯ ತಪಾಸಣೆ ಹಾಲಿನಲ್ಲಿ ಹನ್ನೆರಡು ಮೇಜು. ಇಳಿಜಾರಾದ ಗಾಜು, ಅದರ ಕೆಳಗಿನಿಂದ ಬೆಳಕು, ಅದರ ಮೇಲೆ ಒಂದು ಉರುಳೆಯಿಂದ ಇನ್ನೊಂದಕ್ಕೆ ಹರಿಯುವ ಬಟ್ಟೆ. ಉಳಿದ ಹನ್ನೊಂದು ಹೆಂಗಸರು ಕಣ್ಣಿನಿಂದ ನೋಡುತ್ತಾರೆ. ಅವಳು ಎರಡೂ ಅಂಗೈ ಹರಡಿಟ್ಟು ಕಣ್ಣನ್ನು ಎದುರಿನ ಗೋಡೆಯ ಮೇಲೆ ಬಿಟ್ಟುಬಿಡುತ್ತಾಳೆ. ನಿಯಮ ಸರಳ. ಹೊರಮೈಯಲ್ಲಿ ಗಂಟಿದ್ದರೆ, ಎಷ್ಟೇ ಚಿಕ್ಕದಿರಲಿ, ಅಂಚಿಗೆ ಕೆಂಪು ನೂಲು ಕಟ್ಟಬೇಕು. ಒಳಮೈಯಲ್ಲಿದ್ದು ಅಕ್ಕಿಕಾಳಿಗಿಂತ ಚಿಕ್ಕದಾದರೆ ಕಟ್ಟುವ ಹಾಗಿಲ್ಲ. ಅಂಗಡಿಯಲ್ಲಿ ಒಳಮೈ ತಿರುಗಿಸಿ ನೋಡುವವರು ಯಾರು? ಹೊಲಿದ ಮೇಲೆ ಅದು ಮೈಗೆ ತಾಗಿಕೊಂಡಿರುತ್ತದೆ, ಮೈಗೆ ಗೊತ್ತಾದರೂ ಮೈ ಬಂದು ದೂರು ಕೊಡುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಅಂಥವಕ್ಕೂ ನೂಲು ಕಟ್ಟುತ್ತಿದ್ದಳು. ಆಗಿನ ಸೂಪರ್‌ವೈಸರು ಒಂದು ದಿನ ಅವಳ ಬಟ್ಟೆಯನ್ನು ಎಲ್ಲರೆದುರು ಎತ್ತಿ ಹಿಡಿದು, ಏನಮ್ಮಾ ಇದು, ಗೊಂಡೆ ಕಟ್ಟಿ ಅಲಂಕಾರ ಮಾಡಿದ್ದೀಯಾ ಎಂದು ಕೇಳಿದ್ದ. ಹಾಲ್ ನಕ್ಕಿತ್ತು. ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಅದು ಕೈಯಲ್ಲೇ ಇತ್ತು; ಬಿಡುವುದನ್ನು ಕಲಿಯಲಿಕ್ಕೇ ಎರಡು ವರ್ಷ ಹಿಡಿಯಿತು. ಈಗ ಬೆರಳು ಅವಳನ್ನು ಕೇಳುವುದೂ ಇಲ್ಲ. ಒಳಮೈ, ಅಕ್ಕಿಕಾಳಿಗಿಂತ ಚಿಕ್ಕದು, ಹೋಗಲಿ. ಅರ್ಧ ಉಸಿರಿನೊಳಗೆ ತೀರ್ಪು ಆಗಿರುತ್ತದೆ, ಬಟ್ಟೆ ಮುಂದೆ ಹೋಗಿರುತ್ತದೆ. ನಾಲ್ಕು ತಿಂಗಳ ಹಿಂದೆ ಸಾಹೇಬ ಅವಳ ತೊಡೆಯ ಮೇಲೆ ಅಂಗಾತ ಬಿದ್ದುಕೊಂಡಿದ್ದ, ರಜೆಯ ಮಧ್ಯಾಹ್ನ, ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಯುತ್ತಿದ್ದರು, ಅವಳ ಕೈ ಹೊಟ್ಟೆಯಿಂದ ಒಳತೊಡೆಗೆ ಇಳಿದು ಒಂದು ಕಡೆ ಹೆಬ್ಬೆರಳು ನಿಂತಿತು. ನಿಂತದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಚರ್ಮದಡಿಯಲ್ಲಿ ಜಾರುವ ಒಂದು ಕಣ. ನಿಂತಿತು, ಅಳೆಯಿತು, ಹೊರಟುಹೋಯಿತು. ಮೊಳೆಯ ಸದ್ದು ಎಣಿಸಿದರೆ ಎರಡು ಪೆಟ್ಟಿನ ನಡುವಿನ ಹೊತ್ತು.

ಅಷ್ಟೇ ಆಗಿದ್ದರೆ ತಪ್ಪನ್ನು ಕೈಯ ಮೇಲೆ ಹಾಕಿ ಕೂರಬಹುದಿತ್ತು. ಮೂರು ವಾರದ ನಂತರ ಇನ್ನೊಂದು ಸಲ ಅದೇ ಜಾಗ, ಈಗ ಬೇಳೆಯಷ್ಟು, ಜಾರುತ್ತಲೂ ಇರಲಿಲ್ಲ. ನಿಯಮದ ಪ್ರಕಾರ ನೂಲು ಕಟ್ಟಬೇಕಾದ ಗಾತ್ರ. ಆ ವಾರ ಗಿರಣಿಯಲ್ಲಿ ಮುಖ್ಯ ತಪಾಸಕಿಯ ಹುದ್ದೆಗೆ ಪರೀಕ್ಷೆ ನಡೆಯುತ್ತಿತ್ತು, ಅವಳು ದಿನಕ್ಕೆ ಹತ್ತು ಗಂಟೆ ನಿಂತು ಬಂದಿರುತ್ತಿದ್ದಳು, ಈಗ ಡಾಕ್ಟರು, ಬೆಕ್ಕನ್ನು ಒಯ್ಯುವ ಬುಟ್ಟಿ, ಸರದಿ ಎಂದೆಲ್ಲ ನೆನೆದರೇ ಸೊಂಟ ನೋಯುತ್ತಿತ್ತು. ಅವಳು ಕೈಯನ್ನು ಅಲ್ಲಿಂದ ತೆಗೆದು ಬೆಕ್ಕಿನ ತಲೆಯ ಮೇಲಿಟ್ಟಳು. ಅದು ಬೆರಳಿನ ತಪ್ಪಲ್ಲ. ಆಮೇಲೆ ಎರಡು ತಿಂಗಳು ಅವಳು ಸಾಹೇಬನ ಬೆನ್ನನ್ನು ಮಾತ್ರ ಸವರಿದಳು, ಹೊಟ್ಟೆಯ ಕಡೆಗೆ ಹೋಗಲೇ ಇಲ್ಲ, ಕೊನೆಗೆ ಅವನು ಆ ಜಾಗದ ಕೂದಲೆಲ್ಲ ನೆಕ್ಕಿ ತೆಗೆದು ಕುಂಟತೊಡಗಿದಾಗ ಎತ್ತಿ ನೋಡಿದವರು ಮೇಷ್ಟ್ರು. ಗೋಲಿಯಷ್ಟಾಗಿತ್ತು. ಅಯ್ಯೋ ಇದೇನಿದು, ಎಂದಳು ಅವಳು. ತನ್ನ ಬಾಯಿಂದ ಬಂದ ಆ ದನಿ ಎಷ್ಟು ಸಹಜವಾಗಿತ್ತೆಂದರೆ ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಮುಖ್ಯ ತಪಾಸಕಿಯ ಹುದ್ದೆ ಬೇರೆಯವಳಿಗೆ ಸಿಕ್ಕಿತು, ಅದು ಬೇರೆ ಮಾತು.

ಹತ್ತು ಗಂಟೆಗೆ ಅರ್ಧ ದಿನದ ರಜೆ ಕೇಳಲು ಸೂಪರ್‌ವೈಸರನ ಗಾಜಿನ ಕೋಣೆಗೆ ಹೋಗಬೇಕಾಯಿತು. ಆಪರೇಷನ್ ದಿನ ಅವಳು ರಜೆ ಚೀಟಿಯಲ್ಲಿ ಕಾರಣ ಬರೆಯುವಲ್ಲಿ, ನಾಚಿಕೆಯಿಂದಲೋ ಅವಸರದಿಂದಲೋ, ಮನೆಯಲ್ಲಿ ಒಬ್ಬರಿಗೆ ಕಾಲು ತೆಗೆಯುವ ಆಪರೇಷನ್ ಎಂದು ಬರೆದಿದ್ದಳು. ಮನೆಯಲ್ಲಿರುವುದೇ ಇಬ್ಬರು. ಮರುದಿನ ಸಂಜೆ ಹಾಲಿನ ಆರು ಜನ ಹೆಂಗಸರೂ ಈ ಸೂಪರ್‌ವೈಸರೂ ಹಣ್ಣಿನ ಚೀಲ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದರು. ಬಾಗಿಲು ತೆರೆದವರು ಮೇಷ್ಟ್ರು, ಎರಡೂ ಕಾಲಿನ ಮೇಲೆ ನಿಂತು. ಎಲ್ಲರೂ ಕೆಳಗೆ ನೋಡುತ್ತಿದ್ದರು. ಮೇಷ್ಟ್ರು ವಿಷಯ ತಿಳಿದು, ಅದರಲ್ಲಿ ತಮಾಷೆಯೇನೂ ಇಲ್ಲವೆಂಬಂತೆ, ಎಲ್ಲರನ್ನೂ ಒಳಗೆ ಕರೆದು ಟೀ ಕೊಟ್ಟು ಸಾಹೇಬನನ್ನು ತೋರಿಸಿ ಕಳಿಸಿದರು. ಅಂದಿನಿಂದ ಹಾಲಿನಲ್ಲಿ ಅವಳ ವಿಷಯ ಬಂದರೆ ಒಂದು ಸಣ್ಣ ಕೆಮ್ಮು ಓಡಾಡುತ್ತಿತ್ತು. ಇವತ್ತು ಸೂಪರ್‌ವೈಸರು ಚೀಟಿಯನ್ನು ದೂರ ಹಿಡಿದು ಓದಿ, ಈ ಸಲ ಯಾರದ್ದು ಎಂದು ಬರೆದಿಲ್ಲವಲ್ಲ, ಹಣ್ಣು ತರಬೇಕೋ ಬೇಡವೋ ಹೇಗೆ ಗೊತ್ತಾಗಬೇಕು ಎಂದ. ಸಹಿ ಹಾಕಿದ, ಅದೂ ನಿಜ. ಅವಳು ತನ್ನ ಮೇಜಿಗೆ ವಾಪಸು ಬರುವಷ್ಟರಲ್ಲಿ ಪಕ್ಕದ ಮೇಜಿನವಳು, ಇಡೀ ಹಾಲಿಗೆ ನಗು ಹಂಚುವುದೇ ತನ್ನ ಹುದ್ದೆ ಎಂದುಕೊಂಡಿದ್ದ ದಪ್ಪ ಹೆಂಗಸು, ಬಟ್ಟೆಯಿಂದ ಕಣ್ಣೆತ್ತದೆ ವಿಚಾರಿಸಿದಳು.

“ಹೇಗಿದೆಯಕ್ಕಾ ನಿಮ್ಮ ಮುಕ್ಕಾಲು ಬೆಕ್ಕು?”

ಕೆಟ್ಟದೆಂದರೆ, ಒಳ್ಳೆಯ ಮಾತಾಗಿತ್ತು. ಬೇರೆಯವರ ಬೆಕ್ಕಾಗಿದ್ದರೆ ಅವಳೇ ನಕ್ಕು ಸಂಜೆ ಮೇಷ್ಟ್ರಿಗೆ ಹೇಳುತ್ತಿದ್ದಳು. ಆದ್ದರಿಂದ ಸಿಟ್ಟಿಗೆ ಹೋಗಲು ಜಾಗವಿಲ್ಲದೆ ಅವಳು ಬಟ್ಟೆಯ ಮೇಲೆ ಕೈಯಿಟ್ಟಳು, ಮುಂದಿನ ಎರಡು ಗಂಟೆ ಒಳಮೈಯಲ್ಲಿ ಸಿಕ್ಕಿದ ಪ್ರತಿಯೊಂದು ಗಂಟಿಗೂ, ಸಾಸಿವೆಯಷ್ಟಿರಲಿ, ರವೆಯಷ್ಟಿರಲಿ, ಕೆಂಪು ನೂಲು ಕಟ್ಟಿದಳು. ನಲವತ್ತೋ ಐವತ್ತೋ ಆದವು. ಬಟ್ಟೆಯ ಅಂಚು ಗಾಯವಾದಂತೆ ಕಾಣತೊಡಗಿತು. ಊಟದ ಹೊತ್ತಿಗೆ ಅದನ್ನು ಕಂಡ ಸೂಪರ್‌ವೈಸರು ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ, ಮುಚ್ಚಿಕೊಂಡು ಹೋದ.

ದಾರಿಯಲ್ಲಿ ಫೋನು ಬಂತು. ಮೇಷ್ಟ್ರ ಅಕ್ಕ. ಅತ್ತಿಗೆಯ ಮಾತು ಯಾವಾಗಲೂ ಮರುಕದಿಂದ ಶುರುವಾಗಿ ಸಲಹೆಯಲ್ಲಿ ಮುಗಿಯುತ್ತಿತ್ತು, ನಡುವೆ ಎಲ್ಲಿಯೂ ಉಸಿರು ತೆಗೆದುಕೊಳ್ಳುವುದಕ್ಕೆ ನಿಲ್ಲುತ್ತಿರಲಿಲ್ಲ. ಪಾಪ, ನೀವಿಬ್ಬರೇ ಇರೋದು, ಅದಕ್ಕೆ ಹಚ್ಚಿಕೊಂಡಿದ್ದೀರಿ, ನನಗೆ ಅರ್ಥವಾಗುತ್ತೆ. ಆದರೂ ಆ ಮೂಕಪ್ರಾಣಿಗೆ ಇಷ್ಟು ಹಿಂಸೆ ಯಾಕೆ, ಒಂದು ಸೂಜಿ ಹಾಕಿಸಿ ನೆಮ್ಮದಿಯಾಗಿ ಕಳಿಸಿಕೊಡಬಹುದಿತ್ತು ಎಂದರು. ಅವಳು ರಸ್ತೆಯ ಬದಿಗೆ ನಿಂತಳು. ಕಬ್ಬಿಣದ ಅಂಗಡಿಯವನೊಬ್ಬ ಸರಳುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದ. ಅತ್ತಿಗೆಯ ಮೇಲೆ ಬಂದ ಸಿಟ್ಟಿಗೆ ಮೂಲವಿದ್ದದ್ದು ಬೇರೆ ಕಡೆ. ಕ್ಯಾನ್ಸರ್ ಎಂದು ತಿಳಿದ ರಾತ್ರಿ ಮೊದಲು ಅದೇ ಮಾತನ್ನು ಮನಸ್ಸಿನಲ್ಲಿ ಆಡಿಕೊಂಡವಳು ಅವಳು: ಕಳಿಸಿಬಿಟ್ಟರೆ ಮುಗಿಯಿತು, ನೋವೂ ಮುಗಿಯುತ್ತದೆ, ಯಾರು ಯಾವಾಗ ಮುಟ್ಟಿದರು ಎಂಬುದೂ ಮುಗಿಯುತ್ತದೆ. ಅದರಲ್ಲಿ ಎಷ್ಟು ಪಾಲು ಸಾಹೇಬನ ನೋವಿನ ಬಗ್ಗೆ ಇತ್ತು, ಎಷ್ಟು ತನ್ನ ಬಗ್ಗೆ ಎಂದು ಅವಳು ಅಳೆಯಲು ಹೋಗಿರಲಿಲ್ಲ. ಕಾಲು ತೆಗೆಸೋಣ ಎಂದವರು ಮೇಷ್ಟ್ರು. “ಅತ್ತಿಗೆ, ಬಸ್ಸು ಬಂತು,” ಎಂದಳು. ಬಂದಿರಲಿಲ್ಲ.

ಮನೆಯ ಬಾಗಿಲು ತೆರೆದರೆ ಕಾಲಿಗೆ ಮೊದಲು ಸಿಗುತ್ತಿದ್ದದ್ದು ಬಟ್ಟೆ. ನುಣುಪು ನೆಲದ ಮೇಲೆ ಮೂರು ಕಾಲು ಜಾರುತ್ತದೆಂದು ಅವಳು ಗಿರಣಿಯಿಂದ ತಿರಸ್ಕೃತವಾದ ದಪ್ಪ ಬಟ್ಟೆಯ ತುಂಡುಗಳನ್ನು ತಂದು, ಅಂಚಿಗೆ ಅಂಟುಪಟ್ಟಿ ಹಾಕಿ, ಮಂಚದಿಂದ ಊಟದ ಬಟ್ಟಲಿನವರೆಗೆ, ಅಲ್ಲಿಂದ ಮಲಮೂತ್ರಕ್ಕಿಟ್ಟ ಮರಳಿನ ತಟ್ಟೆಯವರೆಗೆ ದಾರಿ ಮಾಡಿದ್ದಳು. ತಟ್ಟೆಯ ಒಂದು ಬದಿಯ ಅಂಚನ್ನು ಗರಗಸದಿಂದ ಕೊಯ್ದು ತಗ್ಗು ಮಾಡಿದ್ದೂ ಅವಳೇ. ಮುಟ್ಟದೆ ಮಾಡಬಹುದಾದ ಎಲ್ಲವನ್ನೂ ಅವಳು ಮಾಡಿದ್ದಳು. ಮೇಷ್ಟ್ರು ಆ ದಾರಿಯ ನಡುವೆ ಕಾಲು ಚಾಚಿ ಕೂತಿದ್ದರು, ಶಾಲೆಗೆ ಬೇಸಿಗೆ ರಜೆ. ಸಾಹೇಬ ಅವರ ಮೊಣಕಾಲಿಗೆ ಒರಗಿದ್ದ. ಅವಳು ಬಂದದ್ದು ಕಂಡು ತಲೆ ಎತ್ತಿದ, ಲಾಳಿಕೆ ನೆಲಕ್ಕೆ ತಾಗಿ ಕೆರೆಯಿತು. ಬೆಳಗಿನ ಮೀನು ಪೂರ್ತಿ ತಿಂದ, ಎರಡು ಸಲ ತಾನೇ ತಟ್ಟೆಗೆ ಹೋದ, ಒಂದು ಸಲ ತಿರುವಿನಲ್ಲಿ ಬಿದ್ದ, ತಾನೇ ಎದ್ದ ಎಂದು ಮೇಷ್ಟ್ರು ವರದಿ ಹೇಳಿದರು. ಹೇಳುತ್ತಲೇ, ಇವತ್ತಿಂದೂ ಹಾಕಿಬಿಟ್ಟೆ ಎಂದು ಅಡುಗೆಮನೆಯ ಬಾಗಿಲ ಕಡೆ ಗಲ್ಲ ತೋರಿಸಿದರು. ಐದನೆಯ ಕಾಲಂನಲ್ಲಿ ಹದಿನಾಲ್ಕನೆಯ ಹಸಿರು ಗುರುತು ಒಣಗಿತ್ತು.

“ಯಾರು ಹಾಕಿ ಅಂದ್ರು?”

“ಬೆಳಿಗ್ಗೆ ಕೇಳಿದ್ನಲ್ಲ. ಹೂಂ ಅಂದೆ.”

“ನಾನು ಹೂಂ ಅಂದ್ರೆ ಹಾಕಿಬಿಡೋದಾ? ಒಂದು ದಿನಾನಾದ್ರೂ ಜೊತೆಗೆ ಬಂದು ಕೂತು ನೋಡಿದ್ದೀರಾ? ನಿಮಗೆ ಹಾಳೆ ತುಂಬಿದ್ರೆ ಸಾಕು.”

“ನಿನ್ನ ಕೈ ಮೇಲೆ ನಾನೇನು ನೋಡೋದು,” ಎಂದರು ಮೇಷ್ಟ್ರು, ಹೊಗಳುವವರಂತೆಯೇ.

ಅವಳು ಹಾಳೆಯ ಹತ್ತಿರ ಹೋದಳು. ಹರಿಯಬೇಕೆಂದೇ ಹೋದದ್ದು, ಆದರೆ ಮೇಷ್ಟ್ರು ನಾಲ್ಕೂ ಮೂಲೆಗೆ ಗೋಂದು ಹಚ್ಚಿದ್ದರು, ಉಗುರಿಗೆ ಅಂಚು ಸಿಗಲಿಲ್ಲ, ಒಂದು ಮೂಲೆಯನ್ನು ಕೆರೆಯುತ್ತ ನಿಂತದ್ದು ಹುಡುಗಾಟದಂತಾಯಿತು. “ನಾನು ನೋಡೇ ಇಲ್ಲ ರೀ,” ಎಂದಳು ಬಾಗಿಲಿಗೆ. “ಒಂದು ದಿನಾನೂ ನೋಡಿಲ್ಲ. ಹೋಗಿ ಕೂತು ಬರ್ತಿದ್ದೆ.”

ತಿರುಗಿದರೆ ಮೇಷ್ಟ್ರು ಹಾಳೆಯನ್ನೇ ನೋಡುತ್ತಿದ್ದರು, ಇಡೀ ತರಗತಿ ಒಂದೇ ಉತ್ತರ ನಕಲು ಮಾಡಿದೆ ಎಂದು ತಿಳಿದ ದಿನ ಹೇಗೆ ನೋಡುತ್ತಾರೋ ಹಾಗೆ, ಕೋಪಕ್ಕಿಂತ ಹೆಚ್ಚಾಗಿ ತಮ್ಮ ಪಾಠದ ಬಗ್ಗೆಯೇ ಅನುಮಾನ ಬಂದವರಂತೆ. ಬೈಯಲಿ ಎಂದು ಅವಳು ಕಾದಳು. ಬೈದರೆ ಹೇಳಲು ಅವಳ ಹತ್ತಿರ ಎಷ್ಟೋ ಇತ್ತು. ಈ ಮನುಷ್ಯ ಬೈಯುವುದಿಲ್ಲ, ಇಪ್ಪತ್ತೆರಡು ವರ್ಷದಿಂದ ಬೈದಿಲ್ಲ, ಮನೆಗೆ ಯಾರಾದರೂ ಬಂದರೆ ಅವರ ಅಂಗಿಯ ತೋಳನ್ನು ಅವಳ ಕೈಗೆ ಕೊಟ್ಟು ಎಷ್ಟನೆಯ ನಂಬರಿನ ನೂಲು ಹೇಳು ನೋಡೋಣ ಎಂದು ಆಡಿಸುವುದೊಂದು ಗೊತ್ತು, ಅವಳು ಹೇಳಿದ್ದು ಸರಿಯೋ ತಪ್ಪೋ ತಿಳಿಯದಿದ್ದರೂ ಮೊದಲು ಚಪ್ಪಾಳೆ ತಟ್ಟುವುದೊಂದು ಗೊತ್ತು. ಮೇಷ್ಟ್ರು ಸಾಹೇಬನ ಕೊರಳ ಪಟ್ಟಿಯನ್ನು ಹಿಡಿದುಕೊಂಡು, ಈಗ ನೋಡು ಎಂದಷ್ಟೇ ಹೇಳಿದರು.

ಅವಳು ಕೂತಳು. ಸಾಹೇಬ ಗುರ್ರೆಂದ, ಉಗಿದ, ಮುಂಗಾಲಿನಿಂದ ಮೇಷ್ಟ್ರ ಮಣಿಕಟ್ಟಿನ ಮೇಲೆ ಎರಡು ಗೆರೆ ಎಳೆದ. ಅವಳು ಕೈ ಹಿಂದೆ ತೆಗೆಯಲಿಲ್ಲ. ಕೂದಲು ಬೋಳಿಸಿದ ಚರ್ಮ ಬೆಚ್ಚಗೆ, ತೆಳ್ಳಗೆ ಇತ್ತು, ಹೊಸದಾಗಿ ಹುಟ್ಟಿದ ಕೂದಲು ಬೆರಳಿಗೆ ಮರಳಿನಂತೆ ಚುಚ್ಚುತ್ತಿತ್ತು. ಕಾಲಿದ್ದ ಜಾಗದಲ್ಲಿ ಕಾಲು ಇಲ್ಲದ್ದು ಕಣ್ಣಿಗೆ ಹದಿನಾಲ್ಕು ದಿನದಿಂದ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೈ ಹಳೆಯ ಅಭ್ಯಾಸದಿಂದ ಬೆನ್ನಿನ ಇಳಿಜಾರಿನಲ್ಲಿ ಬಂದು ತೊಡೆಯ ದುಂಡಿಗೆ ತಿರುಗಲು ಹೋಗಿ ಗಾಳಿಯನ್ನು ಸವರಿತು. ಅವಳು ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಹೊಟ್ಟೆಯ ಬದಿ, ಏನಿಲ್ಲ. ಬಲ ತೊಡೆಸಂದು, ಏನಿಲ್ಲ. ಹೊಲಿಗೆಯ ಮೇಲ್ಭಾಗ, ಏನಿಲ್ಲ. ಹೊಲಿಗೆಯ ಕೆಳತುದಿಯಲ್ಲಿ, ಆಳದಲ್ಲಿ, ಒತ್ತಿದರೆ ತಪ್ಪಿಸಿಕೊಂಡು ಬಿಟ್ಟರೆ ಮರಳಿ ಬರುವ ಒಂದು ಕಣ. ಬೆರಳು ತನ್ನ ಪಾಡಿಗೆ ಮುಂದೆ ಸರಿಯಿತು. ನಿಜವಾಗಿ ಸರಿಯಿತು, ಇಷ್ಟಾದ ಮೇಲೂ. ಅವಳು ಅದನ್ನು ಬೇರೆಯವರ ಬೆರಳನ್ನು ಹಿಡಿದು ಎಳೆದಂತೆ ಹಿಂದಕ್ಕೆ ತಂದಳು.

“ಇದೆ.”

ಮೇಷ್ಟ್ರು ತಮ್ಮ ಬೆರಳು ಕೊಟ್ಟರು, ಅವಳು ಅದನ್ನು ಆ ಜಾಗದ ಮೇಲೆ ಒತ್ತಿದಳು. ನಂಗೇನೂ ಸಿಗ್ತಿಲ್ಲವಲ್ಲ ಎಂದರು. ನಿಮಗೆ ಸಿಗಲ್ಲ, ಇದೆ ಎಂದಳು. ನಾಲ್ಕು ಗಂಟೆಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಆಗಲೇ ಬುಟ್ಟಿ ಹಿಡಿದು ಹೊರಟರು.

ದವಾಖಾನೆಯಲ್ಲಿ ಡಾಕ್ಟರಮ್ಮನಿಗೆ ಅದು ಮೊದಲು ಸಿಗಲಿಲ್ಲ. ಅವಳು ಅವರ ಬೆರಳನ್ನೂ ಹಿಡಿದು ಜಾಗ ತೋರಿಸಬೇಕಾಯಿತು. ಸಿಕ್ಕಿದ ಮೇಲೆ ಅವರು ನಗಲಿಲ್ಲ, ಹುಬ್ಬು ಕೂಡಿಸಿದರು, ತೆಳ್ಳಗಿನ ಸೂಜಿಯಿಂದ ಏನನ್ನೋ ಎಳೆದು ಗಾಜಿನ ಮೇಲೆ ಹರಡಿಕೊಂಡು ಒಳಗೆ ಹೋದರು. ಗೋಡೆಯ ಮೇಲೆ ನಾಯಿಯ ಹಲ್ಲುಗಳ ಬಣ್ಣದ ಚಿತ್ರವಿತ್ತು. ಅವಳು ಹಲ್ಲು ಎಣಿಸಿದಳು, ಮೇಷ್ಟ್ರು ಬುಟ್ಟಿಯ ಹಿಡಿಕೆಯನ್ನು ಬಿಚ್ಚಿ ಸಿಕ್ಕಿಸಿ ಬಿಚ್ಚಿ ಸಿಕ್ಕಿಸಿ ಮಾಡುತ್ತಿದ್ದರು, ಆ ಟಿಕ್ ಟಿಕ್ ಸದ್ದಿಗೆ ಅವಳು ಅವರ ಕೈಯನ್ನು ಹಿಡಿದು ನಿಲ್ಲಿಸಿದಳು. ಹಿಡಿದದ್ದು ಸ್ವಲ್ಪ ಜೋರಾಗಿಯೇ. ಡಾಕ್ಟರಮ್ಮ ಹೊರಗೆ ಬಂದಾಗ ಮುಖ ಸಡಿಲವಾಗಿತ್ತು. ಏನೂ ಇಲ್ಲ, ಒಳಗಿನ ಹೊಲಿಗೆಯ ಗಂಟು ಅಷ್ಟೇ, ಎರಡು ತಿಂಗಳಲ್ಲಿ ತಾನಾಗಿಯೇ ಕರಗಿಹೋಗುತ್ತೆ ಎಂದರು. ಖಂಡಿತಾನಾ ಎಂದು ಅವಳು ಜಗಳಕ್ಕೆ ನಿಂತವರ ದನಿಯಲ್ಲಿ ಕೇಳಿದಳು. ಖಂಡಿತ ಎಂದರು. ಕತ್ತರಿ ತೆಗೆದುಕೊಂಡು ಹೊರಗಿನ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತ, ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇದನ್ನು ಕೈಯಲ್ಲಿ ಹಿಡಿದವರನ್ನು ನೋಡಿಲ್ಲ ಎಂದು ಮೆಚ್ಚಿದರು. ಆಮೇಲೆ, ಮೆಚ್ಚುಗೆಯ ಹಿಂದೆಯೇ ಬಂದ ಯೋಚನೆಯಿಂದ, ಕತ್ತರಿ ಒಂದು ಕ್ಷಣ ನಿಂತಿತು.

“ಅಲ್ಲಾ, ಇಂಥ ಕೈ ಇಟ್ಕೊಂಡು ಮೊದಲಿಂದು ಅಷ್ಟು ದೊಡ್ಡದಾಗೋವರೆಗೆ ಹೇಗೆ ಬಿಟ್ರಿ?”

ಅವರ ದನಿಯಲ್ಲಿ ಆರೋಪವಿರಲಿಲ್ಲ, ಬರೀ ಕುತೂಹಲ. ಹದಿನಾಲ್ಕು ದಿನದಿಂದ ಅವಳು ಈ ಪ್ರಶ್ನೆಗೆ ಹತ್ತಾರು ಉತ್ತರ ತಯಾರು ಮಾಡಿಕೊಂಡಿದ್ದಳು: ಕೂದಲು ದಟ್ಟ, ಅವನು ಹೊಟ್ಟೆ ಮುಟ್ಟಗೊಡುತ್ತಿರಲಿಲ್ಲ, ಬಟ್ಟೆಯೇ ಬೇರೆ ಮಾಂಸವೇ ಬೇರೆ. ಎಲ್ಲವೂ ಕೈಗೆ ಸಿಗುವಂತಿದ್ದವು.

“ಸಿಕ್ಕಿತ್ತು,” ಎಂದಳು. “ಎರಡು ಸಲ ಸಿಕ್ಕಿತ್ತು. ಬಿಟ್ಟೆ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮುಂದಿನ ಮಾತು ಅವಳ ಪರವಾಗಿ ಏನಾದರೂ ಇರುತ್ತದೆ, ಇವಳಿಗೆ ಕೆಲಸ ಜಾಸ್ತಿ ಎಂದೋ ಮತ್ತೇನೋ ಎಂದು ಅವಳು ಮೊದಲೇ ಸಿಟ್ಟಾಗಿ ಕಾದಳು. “ನಂಗೂ ಸಿಕ್ಕಿತ್ತು,” ಎಂದರು ಅವರು. “ಬ್ರಷ್ ಮಾಡುವಾಗ. ಚಿಕ್ಕದಿತ್ತು.”

ಡಾಕ್ಟರಮ್ಮ ಇಬ್ಬರನ್ನೂ ಒಂದೊಂದು ಸಲ ನೋಡಿದರು. ಅವರು ಇಂಥದ್ದನ್ನು ಮೊದಲೂ ಕೇಳಿರಬೇಕು, ಕೇಳದೆಯೂ ಇರಬಹುದು; ಉಳಿದ ಹೊಲಿಗೆ ಬಿಚ್ಚಿದರು. ತಿಂಗಳಿಗೊಮ್ಮೆ ಕರೆತನ್ನಿ ಎಂದರು, ಕೊರಳ ಪಟ್ಟಿ ಇನ್ನು ಬೇಡ ಎಂದು ಅದನ್ನು ಬಿಚ್ಚಿ ಮೇಷ್ಟ್ರ ಕೈಗೆ ಕೊಟ್ಟರು.

ಹೊರಗೆ ಬಸ್ಸಿಗೆ ಕಾಯುವ ಕಲ್ಲುಬೆಂಚು. ನಡುವೆ ಬುಟ್ಟಿ, ಬುಟ್ಟಿಯ ಆಚೆ ಮೇಷ್ಟ್ರು, ಅವರ ತೊಡೆಯ ಮೇಲೆ ಪ್ಲಾಸ್ಟಿಕ್ ಲಾಳಿಕೆ, ಶಾಲೆಯಲ್ಲಿ ಬಹುಮಾನ ಗೆದ್ದು ಎಲ್ಲಿಡಬೇಕೆಂದು ತಿಳಿಯದವರ ಹಾಗೆ. ಎದುರಿನ ಗ್ಯಾರೇಜಿನಲ್ಲಿ ಯಾರೋ ಒಂದು ಗಾಡಿಯನ್ನು ಸ್ಟಾರ್ಟ್ ಮಾಡಲು ನೋಡುತ್ತಿದ್ದರು, ಅದು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು.

“ನನಗೆ ಯಾಕೆ ಹೇಳಲಿಲ್ಲ?”

“ನೀನು ದಿನಾ ಸವರ್ತೀಯಲ್ಲ. ಏನಾದ್ರೂ ಆಗಿದ್ರೆ ನೀನೇ ಹೇಳ್ತಿದ್ದೆ ಅಂದ್ಕೊಂಡೆ. ನೀನು ಏನೂ ಹೇಳ್ಲಿಲ್ಲ. ಹಾಗಾದ್ರೆ ಏನೂ ಇಲ್ಲ ಅಂತ ತಿಳ್ಕೊಂಡೆ.”

“ನನ್ನ ಕೈ ನಂಬಿಕೊಂಡು.”

“ಮತ್ತೆ ಯಾರ ಕೈ ನಂಬಲಿ?”

ಅವಳಿಗೆ ಬಂದ ಸಿಟ್ಟು ಬೆಳಗಿನಿಂದ ಬಂದ ಎಲ್ಲ ಸಿಟ್ಟಿಗಿಂತ ದೊಡ್ಡದು. ಚಮಚ, ಸೂಪರ್‌ವೈಸರು, ಮುಕ್ಕಾಲು, ಅತ್ತಿಗೆ, ಎಲ್ಲ ಅದರ ಮುಂದೆ ಚಿಲ್ಲರೆ. ಈ ಮನುಷ್ಯನನ್ನು ಜೀವಮಾನವಿಡೀ ದೂರಬಹುದಾದ ಒಂದು ಕಾರಣ ಕೊನೆಗೂ ಕೈಗೆ ಬಂದಿತ್ತು, ಅದನ್ನು ತಿರುಗಿಸಿ ನೋಡಿದರೆ ಅಲ್ಲಿ ಅವಳ ಬೆರಳಿನ ಗುರುತೇ ಇತ್ತು. ಎರಡು ತಿಂಗಳು ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಬೆಕ್ಕಿನ ಎರಡು ಬದಿಗೆ ಕೂತು, ಇನ್ನೊಬ್ಬರು ಹೇಳುತ್ತಾರೆಂದೋ ಹೇಳದಿರಲಿ ಎಂದೋ ಕಾದಿದ್ದರು. ಇನ್ನು ಮೇಲೆ ಯಾರ ಅಂಗಿಯನ್ನೂ ನನ್ನ ಕೈಗೆ ಕೊಡಬೇಡಿ ಎಂದಳು. ಯಾವ ಅಂಗಿ ಎಂದು ಮೇಷ್ಟ್ರು ಕೇಳಿದರು, ಕೇಳಿದ ಮೇಲೆ ತಿಳಿದುಕೊಂಡು ತಲೆ ಆಡಿಸಿದರು. ಆಗ ಬುಟ್ಟಿಯೊಳಗೆ ಏನೋ ಅಲುಗಿತು. ಎರಡು ವಾರದ ನಂತರ ಮೊದಲ ಸಲ ಲಾಳಿಕೆಯಿಲ್ಲದ ಕಿವಿಗೆ ಗಾಳಿ ತಾಗಿ ತುರಿಕೆ ಬಂದಿರಬೇಕು. ಸಾಹೇಬ ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಅರೆ ಮುಚ್ಚಿ, ಎಡ ಹಿಂಗಾಲಿನಿಂದ ಎಡ ಕಿವಿಯನ್ನು ಕೆರೆದುಕೊಳ್ಳಲು ಶುರುಮಾಡಿದ. ಕಾಲು ಇರಲಿಲ್ಲ. ಸೊಂಟದ ಹತ್ತಿರ, ಹೊಲಿಗೆ ಬಿಚ್ಚಿದ ಗೆರೆಯ ಕೆಳಗೆ, ಮಾಂಸ ಮಾತ್ರ ಟಪಟಪನೆ, ಅದೇ ಹಳೆಯ ವೇಗದಲ್ಲಿ ಕುಣಿಯುತ್ತಿತ್ತು. ಕಿವಿ ಇದ್ದಲ್ಲೇ ಇತ್ತು, ತುರಿಕೆ ಇದ್ದಲ್ಲೇ ಇತ್ತು. ಅವನು ನಿಲ್ಲಿಸಿದ, ಕಾದ, ಮತ್ತೆ ಕೆರೆದ.

ಮೇಷ್ಟ್ರ ಕೈ ಬುಟ್ಟಿಯ ಕಡೆ ಬಂತು. “ಬಿಡಿ,” ಎಂದಳು ಅವಳು. ಅವರು ಬಿಟ್ಟರು. ಅವಳು ಕೈಯನ್ನು ಒಳಗೆ ಹಾಕಿ, ಅವನ ಸೊಂಟ ಕುಣಿಯುವ ವೇಗಕ್ಕೇ ಸರಿಯಾಗಿ, ತೋರುಬೆರಳಿನ ಉಗುರಿನಿಂದ ಎಡ ಕಿವಿಯ ಬುಡವನ್ನು ಕೆರೆದಳು. ಸಾಹೇಬ ತಲೆಯನ್ನು ಪೂರ್ತಿ ಅವಳ ಕೈಗೆ ಬಿಟ್ಟ. ಬಾಯಿ ಸ್ವಲ್ಪ ತೆರೆಯಿತು, ಸೊಂಟ ಅವಳ ಬೆರಳಿನೊಡನೆ ಇನ್ನೂ ಸ್ವಲ್ಪ ಹೊತ್ತು ಕುಣಿದು ನಿಧಾನವಾಗಿ ನಿಂತಿತು. ತುರಿಕೆ ತೀರಿತು. ತೀರಿದ ಮೇಲೆ ಅವನು ಕಣ್ಣು ತೆರೆದು, ಕೈ ಯಾರದ್ದೆಂದು ನೋಡಿ, ಆ ಬೆರಳನ್ನೇ ಬಾಯಿಗೆ ತೆಗೆದುಕೊಂಡು ಹಲ್ಲು ಊರಿದ. ಆಟದ ಕಡಿತವಲ್ಲ. ಗುರ್ರೆನ್ನಲೂ ಇಲ್ಲ, ಕೆಲಸ ಮಾಡುವವನ ಶ್ರದ್ಧೆಯಿಂದ ಒತ್ತುತ್ತ ಹೋದ. ಬೆರಳ ತುದಿಯಲ್ಲಿ, ಬಟ್ಟೆಯ ಮೇಲೆ ಮೊದಲು ನಿಲ್ಲುವ ಆ ಜಾಗದಲ್ಲೇ, ಚರ್ಮ ಒಡೆದದ್ದು ಅವಳಿಗೆ ತಿಳಿಯಿತು.

“ರಕ್ತ ಬರ್ತಿದೆ ಕಣೇ. ತೆಗಿ. ಡಾಕ್ಟರಿಗಾದ್ರೂ ತೋರಿಸು.”

“ಅವರು ಬೆಕ್ಕಿನ ಡಾಕ್ಟರು,” ಎಂದಳು. ಬಸ್ಸು ಬಂದು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಕಂಡಕ್ಟರು ಇವರನ್ನು ನೋಡಿ ಬರ್ತೀರೋ ಇಲ್ವೋ ಎಂದು ಕೇಳಿದ. ಮೇಷ್ಟ್ರು ಅವಳ ಮುಖ ನೋಡಿದರು. ಸಾಹೇಬ ಇನ್ನೂ ಬಿಟ್ಟಿರಲಿಲ್ಲ. ಹೋಗಲಿ, ಮುಂದಿನದಕ್ಕೆ ಬರ್ತೀವಿ ಎಂದು ಅವಳು ಕಂಡಕ್ಟರಿಗೆ ಹೇಳಿದಳು, ಕೈ ಬುಟ್ಟಿಯೊಳಗೇ ಇತ್ತು.